ಹೆಚ್ಚಾಗಿ ಸಂದ ಕುಟುಂಬ ಪಿಂಚಣಿ ಮತ್ತು ಅದರ ವಸೂಲಿ: ಒಂದು ಬ್ಯಾಂಕಿನ ಪಿಂಚಣಿ ಸೇವೆಯ ವಿಮರ್ಶೆ

ನನ್ನ ತಾಯಿ 2012ರಿಂದ ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಬ್ಯಾಂಕ್ ಶಾಖೆಯ ಮೂಲಕ ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿ ಪಡೆಯುತ್ತಿದ್ದಾರೆ. ಆ ಬ್ಯಾಂಕಿನ ಪಿಂಚಣಿ ಸೇವೆಯ ಬಗ್ಗೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಿಂಗಳ ಕೊನೆಗೆ ತಪ್ಪದೆ ಹಣ ಜಮಾ ಮಾಡುವ ಕೆಲಸಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ. ಆದರೆ ಬ್ಯಾಂಕೇ ತಪ್ಪಿ ಹೆಚ್ಚು ಹಣ ಕೊಟ್ಟಿದ್ದಾಗ, ಅದನ್ನು ಕುಟುಂಬದಿಂದ ಮರಳಿ ಪಡೆಯಬೇಕೇ ಬೇಡವೇ ಎಂದು ತೀರ್ಮಾನಿಸುವ ಕೆಲಸಕ್ಕೆ ಒಂದೇ ಅಂಕ. ಆ ಒಂದು ಅಂಕವೂ ಶಾಖೆಯ ಸಿಬ್ಬಂದಿ ತೋರಿಸಿದ ಸಹನೆಗೆ ಸಲ್ಲುತ್ತದೆ. ಬ್ಯಾಂಕಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇದೇ ಬಗೆಯ ಅನುಭವವನ್ನು ಬೇರೆ ಬ್ಯಾಂಕುಗಳ ಪಿಂಚಣಿದಾರರ ಬಾಯಲ್ಲೂ ಕೇಳಿದ್ದೇನೆ.

ಮೊದಲು ತಪ್ಪು ಹುಟ್ಟುವ ಜಾಗವನ್ನು ವಿವರಿಸಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಅದು ಗೊತ್ತಾಗುವುದೇ ವಸೂಲಿ ಶುರುವಾದ ಮೇಲೆ. ಕೇಂದ್ರ ಸರ್ಕಾರದ ಪಿಂಚಣಿ ನಿಯಮಗಳ ಪ್ರಕಾರ ಕುಟುಂಬ ಪಿಂಚಣಿಗೆ ಎರಡು ದರಗಳಿವೆ. ಸಾಮಾನ್ಯ ದರವು ಕೊನೆಯ ವೇತನದ ಶೇ. 30ರಷ್ಟು. ಅದಕ್ಕೂ ಮೊದಲು, ಒಂದು ಅವಧಿಯವರೆಗೆ ಮಾತ್ರ, ಶೇ. 50ರ ಹೆಚ್ಚಿನ ದರ ಸಿಗುತ್ತದೆ. ನೌಕರರು ನಿವೃತ್ತಿಯ ನಂತರ ತೀರಿಕೊಂಡಿದ್ದರೆ ಈ ಹೆಚ್ಚಿನ ದರವು ಮರಣದ ಮರುದಿನದಿಂದ ಏಳು ವರ್ಷ, ಅಥವಾ ಅವರು ಬದುಕಿದ್ದರೆ 67 ವರ್ಷ ತುಂಬುತ್ತಿದ್ದ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಗೆ ನಿಲ್ಲುತ್ತದೆ. ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರೆ ಹತ್ತು ವರ್ಷ. ಈ ಕೊನೆಯ ದಿನಾಂಕವನ್ನು ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಎಲ್ಲರೂ ಪಿಪಿಒ ಎಂದು ಕರೆಯುವ ಪುಸ್ತಕದಲ್ಲಿ, ಎರಡೂ ದರಗಳ ಮೊತ್ತದೊಂದಿಗೆ ಬರೆದಿರುತ್ತಾರೆ. ಆ ದಿನ ಬಂದಾಗ ದರವನ್ನು ಇಳಿಸುವುದು ಹಣ ಪಾವತಿಸುವ ಬ್ಯಾಂಕಿನ ಕೆಲಸ. ದಿನಾಂಕವನ್ನು ಗಣಕದಲ್ಲಿ ದಾಖಲಿಸದೆ ಬಿಟ್ಟರೆ ಹೆಚ್ಚಿನ ದರ ಸದ್ದಿಲ್ಲದೆ ಮುಂದುವರಿಯುತ್ತದೆ, ವರ್ಷಗಟ್ಟಲೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ತಂದೆಯವರು ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಸಿ ದರ್ಜೆಯ ನೌಕರರಾಗಿದ್ದು, 2010ರ ಜೂನ್ 30ರಂದು ಅರವತ್ತು ತುಂಬಿ ನಿವೃತ್ತರಾದರು; 2012ರ ಫೆಬ್ರುವರಿಯಲ್ಲಿ ತೀರಿಕೊಂಡರು. ಏಳು ವರ್ಷದ ಲೆಕ್ಕ 2019ಕ್ಕೆ ಬರುತ್ತದೆ, 67 ವರ್ಷದ ಲೆಕ್ಕ 2017ರ ಜೂನ್ ಕೊನೆಗೆ. ಆದ್ದರಿಂದ ಹೆಚ್ಚಿನ ದರ ನಿಲ್ಲಬೇಕಾಗಿದ್ದು 2017ರ ಜೂನ್‌ನಲ್ಲಿ. ಅವರ ಕೊನೆಯ ವೇತನ 15,000 ರೂಪಾಯಿ. ಅದರ ಅರ್ಧ 7,500. ಏಳನೇ ವೇತನ ಆಯೋಗದ ನಂತರ 2.57ರಿಂದ ಗುಣಿಸಿ 19,275. ಸಾಮಾನ್ಯ ದರವಾದರೆ 11,565. ಎರಡರ ನಡುವಿನ ಅಂತರ ತಿಂಗಳಿಗೆ 7,710 ರೂಪಾಯಿ, ಅದರ ಮೇಲೆ ಆಯಾ ಕಾಲದ ತುಟ್ಟಿ ಪರಿಹಾರ, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಪಿಂಚಣಿಗೆ ಸೇರಿಸುವ ಶೇಕಡಾವಾರು ಮೊತ್ತ. ವರ್ಷಕ್ಕೆ ಎರಡು ಬಾರಿ ಬದಲಾಗುವ ತುಟ್ಟಿ ಪರಿಹಾರವನ್ನು ಇದೇ ಗಣಕ ವ್ಯವಸ್ಥೆ ಸರಿಯಾಗಿ ಸೇರಿಸುತ್ತಾ ಬಂದಿತು, 2.57ರ ಗುಣಾಕಾರವನ್ನೂ ಸರಿಯಾಗಿಯೇ ಮಾಡಿತು. ದರ ಇಳಿಸುವ ದಿನಾಂಕ ಮಾತ್ರ 64 ತಿಂಗಳು ಅದರ ಕಣ್ಣಿಗೆ ಬೀಳಲಿಲ್ಲ.

ಅಮ್ಮ ಪ್ರತಿ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಲು ಶಾಖೆಗೆ ಹೋಗುತ್ತಿದ್ದರು. ಪಾಸ್‌ಬುಕ್ ಮುದ್ರಿಸಿಕೊಳ್ಳುತ್ತಿದ್ದರು. 2017ರಿಂದ 2022ರವರೆಗೆ ಆರು ನವೆಂಬರ್‌ಗಳು ಬಂದುಹೋದವು, ಪ್ರತಿ ಸಲವೂ ಪಿಪಿಒ ಸಂಖ್ಯೆಯನ್ನು ಬ್ಯಾಂಕಿನವರೇ ನೋಡಿ ಬರೆದುಕೊಂಡರು. ಆರನೆಯ ನವೆಂಬರ್‌ನ ಕೊನೆಗೆ ಅವರ ಖಾತೆಗೆ ಬಂದದ್ದು 10,640 ರೂಪಾಯಿ. ಹಿಂದಿನ ತಿಂಗಳು ಬಂದದ್ದು 26,600ರ ಹತ್ತಿರ. ದರ ಇಳಿದು 15,960 ಆಗಿತ್ತು, ಅದರಲ್ಲಿ ಮೂರನೇ ಒಂದು ಭಾಗವನ್ನು, ಅಂದರೆ 5,320 ರೂಪಾಯಿಯನ್ನು, ಹಳೆಯ ಬಾಕಿಗೆಂದು ಮುರಿದುಕೊಂಡಿದ್ದರು. ಇದರ ಜೊತೆಗೆ ಉಳಿತಾಯ ಖಾತೆಯಲ್ಲಿದ್ದ ಹಣಕ್ಕೆ ಹೋಲ್ಡ್ ಹಾಕಿದ್ದರು. ಅಮ್ಮನಿಗೆ ಇದು ತಿಳಿದದ್ದು ಔಷಧಿ ಅಂಗಡಿಯಲ್ಲಿ, ಎಟಿಎಂ ಕಾರ್ಡು ಕೆಲಸ ಮಾಡದೆ ಹೋದಾಗ.

ಪತ್ರ ಹನ್ನೊಂದು ದಿನಗಳ ನಂತರ ಬಂತು, ಇಂಗ್ಲಿಷಿನಲ್ಲಿ. ನಿಮಗೆ 5,92,128 ರೂಪಾಯಿ ಹೆಚ್ಚಾಗಿ ಸಂದಾಯವಾಗಿದೆ, ನೀವು ಬರೆದುಕೊಟ್ಟ ಮುಚ್ಚಳಿಕೆಯಂತೆ ಅದನ್ನು ಮರಳಿಸತಕ್ಕದ್ದು ಎಂಬುದಷ್ಟೇ ಅದರ ಸಾರ. ತಪ್ಪು ಯಾರದು ಎಂಬ ಮಾತು ಅದರಲ್ಲಿ ಇರಲಿಲ್ಲ. ಆಕ್ಷೇಪಣೆ ಇದ್ದರೆ ಯಾರಿಗೆ ಬರೆಯಬೇಕು ಎಂಬುದೂ ಇರಲಿಲ್ಲ. ಗ್ರಾಹಕರು ಬಳಸುವ ಮುದ್ರಿತ ಸಾಮಗ್ರಿ ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ ಮೂರರಲ್ಲೂ ದೊರೆಯಬೇಕೆಂದು ರಿಸರ್ವ್ ಬ್ಯಾಂಕ್ ಹೇಳುತ್ತಾ ಬಂದಿದೆ. ಜೀವಮಾನದಲ್ಲಿ ಬ್ಯಾಂಕಿನಿಂದ ಬಂದ ಅತಿ ಮುಖ್ಯವಾದ ಕಾಗದ ಓದಲಾಗದ ಭಾಷೆಯಲ್ಲಿ ಬಂದಾಗ 66 ವರ್ಷದ ಹೆಂಗಸು ಅದನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳಬೇಕಾಗುತ್ತದೆ. ಅದರೊಂದಿಗೆ ಮನೆಯ ಸಾಲದ ಸುದ್ದಿ ಬೀದಿಗೆ ಬರುತ್ತದೆ. ಅಮ್ಮನಿಗೆ ಹಣಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದು.

ಶಾಖೆಯಲ್ಲಿ ಪಿಂಚಣಿ ನೋಡಿಕೊಳ್ಳುವ ಅಧಿಕಾರಿಯ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕೂರಿಸಿ, ನೀರು ಕೊಟ್ಟು, ಒಂದು ಗಂಟೆ ನಮ್ಮೊಂದಿಗೆ ಕಳೆದರು. "ಅಮ್ಮಾ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ, ಆದರೆ ನನ್ನ ಕೈಯಲ್ಲೂ ಏನೂ ಇಲ್ಲ" ಎಂದರು. ಎರಡೂ ಮಾತು ನಿಜವಾಗಿದ್ದವು. ಪಿಂಚಣಿಯ ಲೆಕ್ಕಾಚಾರವೆಲ್ಲ ಈಗ ಶಾಖೆಯಿಂದ ಹೊರಗೆ, ಕೇಂದ್ರೀಕೃತ ಪಿಂಚಣಿ ಸಂಸ್ಕರಣಾ ಕೇಂದ್ರದಲ್ಲಿ ನಡೆಯುತ್ತದೆ. ಅಲ್ಲಿಗೆ ಬರೆದರೆ, ನಾವು ಪಿಪಿಒ ಪ್ರಕಾರ ಸರಿಪಡಿಸಿದ್ದೇವೆ, ಮನ್ನಾ ಮಾಡುವ ಅಧಿಕಾರ ನಮಗಿಲ್ಲ, ಇಲಾಖೆಯನ್ನು ಕೇಳಿ ಎಂಬ ಉತ್ತರ ಬಂತು. ತಂದೆಯವರ ಇಲಾಖೆಗೆ ಬರೆದರೆ, ನಾವು ವಸೂಲಿಗೆ ಆದೇಶಿಸಿಯೇ ಇಲ್ಲ, ಬ್ಯಾಂಕನ್ನು ಕೇಳಿ ಎಂದರು. ಇದೇ ಈ ಸೇವೆಯ ಮೂಲ ದೋಷ ಎಂದು ನಾನು ತಿಳಿದಿದ್ದೇನೆ. ಒಂದು ಕುಟುಂಬ ಐದು ಮುಕ್ಕಾಲು ಲಕ್ಷಕ್ಕೂ ಹೆಚ್ಚು ಹಣ ಮರಳಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಕೊಡಲು ಕುಳಿತ ಒಬ್ಬ ವ್ಯಕ್ತಿಯೂ ಆ ಸಾಲಿನಲ್ಲಿ ಇರಲಿಲ್ಲ. ಯಾರೂ ತೀರ್ಮಾನ ಮಾಡದೆಯೇ ಹಣ ಮಾತ್ರ ಮುರಿಯುತ್ತಾ ಹೋಯಿತು.

ನಾವು ಮೊದಲು ಕೇಳಿದ್ದು ಲೆಕ್ಕದ ಪಟ್ಟಿ. ಬ್ಯಾಂಕಿನವರ ಮಾತಿನಲ್ಲಿ ಇದಕ್ಕೆ ಡ್ಯೂ ಅಂಡ್ ಡ್ರಾನ್ ಸ್ಟೇಟ್‌ಮೆಂಟ್ ಎನ್ನುತ್ತಾರೆ: ತಿಂಗಳುವಾರು ಸಲ್ಲಬೇಕಾದದ್ದು ಎಷ್ಟು, ಸಂದದ್ದು ಎಷ್ಟು, ವ್ಯತ್ಯಾಸ ಎಷ್ಟು. ಇದನ್ನು ಪಡೆಯಲು ಏಳು ವಾರ ಹಿಡಿಯಿತು. ಬಂದ ಮೇಲೆ ಒಂದು ಭಾನುವಾರ ಪಾಸ್‌ಬುಕ್‌ಗಳನ್ನು ಹರಡಿಕೊಂಡು ಸಾಲು ಸಾಲಾಗಿ ತಾಳೆ ನೋಡಿದೆ. 2020ರ ಜನವರಿಯಿಂದ 2021ರ ಜೂನ್‌ವರೆಗಿನ ಹದಿನೆಂಟು ತಿಂಗಳು, ಕೋವಿಡ್ ಕಾಲದಲ್ಲಿ, ಕೇಂದ್ರ ಸರ್ಕಾರ ತುಟ್ಟಿ ಪರಿಹಾರವನ್ನು ಶೇ. 17ಕ್ಕೇ ತಡೆಹಿಡಿದಿತ್ತು ಎಂಬುದು ಪಿಂಚಣಿದಾರರೆಲ್ಲರಿಗೂ ನೆನಪಿದೆ. ಆ ತಡೆಹಿಡಿದ ಕಂತುಗಳನ್ನು ನಂತರವೂ ಯಾರಿಗೂ ಕೊಡಲಿಲ್ಲ. ಬ್ಯಾಂಕಿನ ಪಟ್ಟಿಯಲ್ಲಿ ಮಾತ್ರ ಆ ಹದಿನೆಂಟು ತಿಂಗಳಿಗೆ ಶೇ. 21, 24 ಮತ್ತು 28 ಎಂದು ಹಾಕಿ ವ್ಯತ್ಯಾಸ ತೆಗೆದಿದ್ದರು. ಅಮ್ಮನ ಕೈಗೆ ಎಂದೂ ಬಾರದ 10,177 ರೂಪಾಯಿಯನ್ನು ಅವರಿಂದ ಮರಳಿ ಕೇಳುತ್ತಿದ್ದರು. ಸರಿಯಾದ ಮೊತ್ತ 5,81,951. ಇದನ್ನು ತೋರಿಸಿದ ಮೇಲೆ ಬ್ಯಾಂಕ್ ತಿದ್ದಿತು. ಇಂಥ ಪತ್ರ ಬಂದ ಯಾವ ಕುಟುಂಬವೂ ತಿಂಗಳುವಾರು ಪಟ್ಟಿ ಸಿಗುವ ತನಕ ಮೊತ್ತವನ್ನು ಒಪ್ಪಿ ಸಹಿ ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.

ಇನ್ನು ಮುಖ್ಯ ಪ್ರಶ್ನೆ. ಮೊತ್ತ ಸರಿಯಿದ್ದರೂ ಅದನ್ನು ಮರಳಿಸಬೇಕೇ? ನಾವು ಒಂದು ವಿಷಯವನ್ನು ಮೊದಲಿಗೇ ಬರೆದುಕೊಟ್ಟೆವು: ದರ ಇಳಿಸಿದ್ದು ನ್ಯಾಯ, ಮುಂದೆ 11,565ರ ದರವೇ ಸರಿ, ಅದರ ಬಗ್ಗೆ ನಮಗೆ ತಕರಾರಿಲ್ಲ. ಹೆಚ್ಚುವರಿ ಹಣ ಅಮ್ಮನ ಹಕ್ಕಾಗಿತ್ತು ಎಂದು ನಾನು ಎಲ್ಲೂ ವಾದಿಸಿಲ್ಲ. ಬಂದಾಗ ಬಂದಂತೆ ಅಕ್ಕಿಗೆ, ಬಾಡಿಗೆಗೆ, ಸಕ್ಕರೆ ಕಾಯಿಲೆಯ ಮಾತ್ರೆಗೆ ಖರ್ಚಾಗಿಹೋದ ಹಣವನ್ನು, ತಪ್ಪೇ ಮಾಡದವರಿಂದ ಐದು ವರ್ಷಗಳ ನಂತರ ಕಿತ್ತುಕೊಳ್ಳುವುದು ಸರಿಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಸುಪ್ರೀಂ ಕೋರ್ಟು ಇದಕ್ಕೆ ಎರಡು ಕಡೆಯಿಂದಲೂ ಉತ್ತರಿಸಿದೆ. 2012ರ ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ, ಇದು ತೆರಿಗೆದಾರರ ಹಣ, ಕೊಟ್ಟ ಅಧಿಕಾರಿಯದ್ದೂ ಅಲ್ಲ, ಪಡೆದವರದ್ದೂ ಅಲ್ಲ, ಆದ್ದರಿಂದ ವಂಚನೆ ಇಲ್ಲದಿದ್ದರೂ ವಸೂಲಿ ಮಾಡಬಹುದು ಎಂಬ ನಿಲುವು ತಳೆಯಿತು. ಈ ವಾದದಲ್ಲಿ ತಿರುಳಿದೆ. ಸಾರ್ವಜನಿಕ ಹಣಕ್ಕೆ ಯಾರೂ ಕೇಳುವವರಿಲ್ಲ ಎಂದಾಗಬಾರದು. ಆದರೆ 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜೆ.ಎಸ್. ಖೇಹರ್ ಮತ್ತು ಅರುಣ್ ಮಿಶ್ರಾ ಅವರ ಪೀಠ ವಸೂಲಿ ಸಲ್ಲದ ಸಂದರ್ಭಗಳನ್ನು ಹೆಸರಿಸಿ ಹೇಳಿತು. ಸಿ ಮತ್ತು ಡಿ ದರ್ಜೆಯ ನೌಕರರಿಂದ ವಸೂಲಿ ಸಲ್ಲದು. ನಿವೃತ್ತರಾದವರಿಂದ, ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ಸಲ್ಲದು. ಹೆಚ್ಚುವರಿ ಪಾವತಿ ಐದು ವರ್ಷಕ್ಕೂ ಮೀರಿ ನಡೆದಿದ್ದರೆ ಸಲ್ಲದು. ಮೇಲಿನ ಹುದ್ದೆಯ ಕೆಲಸ ಮಾಡಿಸಿ ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ ಸಲ್ಲದು. ಇವಲ್ಲದೆ, ವಸೂಲಿಯು ಸರ್ಕಾರದ ಹಕ್ಕನ್ನೂ ಮೀರಿಸುವಷ್ಟು ಕ್ರೂರವೋ ಅನ್ಯಾಯವೋ ಆಗುವ ಬೇರಾವುದೇ ಸಂದರ್ಭದಲ್ಲೂ ಸಲ್ಲದು. 2016ರ ಮಾರ್ಚ್ 2ರಂದು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಈ ಐದನ್ನೂ ತನ್ನ ಕಚೇರಿ ಜ್ಞಾಪನದಲ್ಲಿ ಅಳವಡಿಸಿಕೊಂಡಿತು. ಮನ್ನಾಕ್ಕೆ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯ ಒಪ್ಪಿಗೆ ಬೇಕೆಂದೂ ಹೇಳಿತು. ನಮ್ಮ ಮನವಿಯ ಬೆನ್ನೆಲುಬೇ ಈ ಜ್ಞಾಪನ. ತಂದೆಯವರು ಸಿ ದರ್ಜೆಯವರು, ಹೆಚ್ಚುವರಿ ಪಾವತಿ ನಡೆದದ್ದು ಐದು ವರ್ಷ ನಾಲ್ಕು ತಿಂಗಳು, ಅಮ್ಮ ಪಿಂಚಣಿಯೊಂದನ್ನೇ ನಂಬಿದವರು.

ಬ್ಯಾಂಕ್ ಹಿಡಿದುಕೊಂಡದ್ದು ಮುಚ್ಚಳಿಕೆಯನ್ನು. ಪಿಂಚಣಿ ಆರಂಭವಾಗುವಾಗ, ಹೆಚ್ಚಾಗಿ ಸಂದ ಹಣವನ್ನು ಮರಳಿಸುತ್ತೇನೆ ಎಂದು ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳುತ್ತಾರೆ. 2016ರ ಜುಲೈ 29ರಂದು ಜಗದೇವ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಮುಚ್ಚಳಿಕೆಗೆ ಬೆಲೆ ಕೊಟ್ಟು, ನಿವೃತ್ತರಾದ ಮೇಲೂ ವಸೂಲಿಗೆ ಅವಕಾಶವಿದೆ ಎಂದಿದ್ದು ನಿಜ. ಆದರೆ ಅಲ್ಲಿ ಮುಚ್ಚಳಿಕೆ ಕೊಟ್ಟವರು ಹರಿಯಾಣದ ಒಬ್ಬ ನ್ಯಾಯಾಂಗ ಅಧಿಕಾರಿ. ವೇತನ ಪರಿಷ್ಕರಣೆಯ ಲಾಭ ಪಡೆಯುವಾಗ, ಮುಂದೆ ಅದು ತಪ್ಪೆಂದು ಕಂಡರೆ ಮರಳಿಸಬೇಕಾಗುತ್ತದೆ ಎಂಬ ಎಚ್ಚರಿಕೆಯನ್ನು ಓದಿ, ಅರ್ಥಮಾಡಿಕೊಂಡು ಸಹಿ ಮಾಡಿದ್ದವರು. ಗಂಡ ತೀರಿಕೊಂಡ ಇಪ್ಪತ್ತನೆಯ ದಿನ, ಅಣ್ಣನ ಜೊತೆ ಬ್ಯಾಂಕಿಗೆ ಹೋಗಿ, ಬೆರಳು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದ ಹೆಂಗಸಿನ ಮುಚ್ಚಳಿಕೆಯನ್ನು ಅದರ ಪಕ್ಕದಲ್ಲಿಟ್ಟು ತೂಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಗದದಲ್ಲಿ ಏನಿತ್ತೆಂದು ಅಮ್ಮನಿಗೆ ಹತ್ತು ವರ್ಷ ಗೊತ್ತಿರಲಿಲ್ಲ, ಅದರ ಪ್ರತಿಯನ್ನೂ ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಪಿಪಿಒ ನಿಮ್ಮ ಬಳಿಯೇ ಇತ್ತಲ್ಲ, ದಿನಾಂಕ ಅದರಲ್ಲೇ ಇದೆಯಲ್ಲ ಎಂಬ ಪ್ರಶ್ನೆಯನ್ನೂ ಕೇಳಿದರು. ಇದು ನನ್ನನ್ನು ಕೆಲವು ದಿನ ಕಾಡಿದ ಪ್ರಶ್ನೆ, ಏಕೆಂದರೆ ಆ ಪುಸ್ತಕವನ್ನು ನಾನಾದರೂ ಬಿಡಿಸಿ ನೋಡಬಹುದಾಗಿತ್ತು. ನೋಡಲಿಲ್ಲ. ಆದರೆ ಅದೇ ದಿನಾಂಕ ಬ್ಯಾಂಕಿನ ಪ್ರತಿಯಲ್ಲೂ ಇತ್ತು, ಅದನ್ನು ಓದುವುದು ಅವರ ಉದ್ಯೋಗವಾಗಿತ್ತು, ಆ ಕೆಲಸಕ್ಕೆ ಸರ್ಕಾರ ಬ್ಯಾಂಕಿಗೆ ಕಮಿಷನ್ ಕೊಡುತ್ತದೆ. ಪರಿಣತರ ತಪ್ಪನ್ನು ಹಿಡಿಯದೆ ಹೋದದ್ದು ಓದುಬರಹ ಕಡಿಮೆ ಇರುವ ಗ್ರಾಹಕರ ಅಪರಾಧವಾಗುವುದಾದರೆ, ಸೇವೆ ಎಂಬ ಮಾತಿಗೆ ಅರ್ಥ ಉಳಿಯುವುದಿಲ್ಲ.

2022ರ ಮೇ 2ರಂದು ಬಂದ ಸುಪ್ರೀಂ ಕೋರ್ಟಿನ ಥಾಮಸ್ ಡೇನಿಯಲ್ ತೀರ್ಪನ್ನು ನಾನು ಹಲವು ಬಾರಿ ಓದಿದ್ದೇನೆ. ಕೇರಳದ ನಿವೃತ್ತ ಶಿಕ್ಷಕರೊಬ್ಬರಿಂದ ಹಳೆಯ ವೇತನ ಬಡ್ತಿಯ ಹಣ ಮರಳಿ ಕೇಳಿದ್ದ ಪ್ರಕರಣವದು. ನ್ಯಾಯಮೂರ್ತಿಗಳಾದ ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್ ಮತ್ತು ವಿಕ್ರಮ್ ನಾಥ್ ಅವರ ಪೀಠ ವಸೂಲಿಯನ್ನು ರದ್ದು ಮಾಡಿತು. ಪಡೆದವರು ಸುಳ್ಳು ಹೇಳಿ ಅಥವಾ ಮೋಸ ಮಾಡಿ ಹಣ ಪಡೆದಿಲ್ಲದಿದ್ದರೆ, ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರಿಂದ ಅದು ಸಂದಿದ್ದರೆ, ನ್ಯಾಯಾಲಯ ಪರಿಹಾರ ಕೊಡುವುದು ಅವರಿಗೆ ಆ ಹಣದ ಮೇಲೆ ಹಕ್ಕಿದೆ ಎಂದಲ್ಲ, ವಸೂಲಿಯಿಂದ ಅವರಿಗಾಗುವ ಕಷ್ಟವನ್ನು ನೋಡಿ, ಎಂಬುದು ಅದರ ತಿರುಳು. ಪಡೆದವರಿಗೆ ಇದು ತಪ್ಪು ಪಾವತಿ ಎಂದು ಗೊತ್ತಿದ್ದರೆ, ಅಥವಾ ತಪ್ಪು ಬೇಗನೆ ಪತ್ತೆಯಾಗಿದ್ದರೆ, ಮಾತು ಬೇರೆ ಎಂದೂ ಹೇಳಿದೆ. ಹಾಗಾದರೆ ತೀರ್ಮಾನಿಸುವವರು ಕೇಳಬೇಕಾದ ಪ್ರಶ್ನೆಗಳು ಇವು: ತಪ್ಪು ಯಾರಿಂದಾಯಿತು, ಪಡೆದವರಿಗೆ ಅದು ತಿಳಿದಿತ್ತೇ, ಎಷ್ಟು ಕಾಲವಾಯಿತು, ಈಗ ಮುರಿದರೆ ಅವರ ಬಳಿ ಉಳಿಯುವುದೇನು. ಬ್ಯಾಂಕಿನ ಪತ್ರದಲ್ಲಾಗಲಿ, ಆನಂತರದ ನಾಲ್ಕು ಉತ್ತರಗಳಲ್ಲಾಗಲಿ ಇವುಗಳಲ್ಲಿ ಒಂದನ್ನೂ ಯಾರೂ ಅಮ್ಮನಿಗೆ ಕೇಳಲಿಲ್ಲ.

ಮೂರನೇ ಒಂದು ಭಾಗ ಮುರಿಯುವ ಪದ್ಧತಿ ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕ ಸಂಗತಿ ಎಲ್ಲ ಪಿಂಚಣಿ ಕುಟುಂಬಗಳಿಗೂ ತಿಳಿದಿರಬೇಕು. 1991ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ್ದ ಸುತ್ತೋಲೆಗಳಲ್ಲಿ ಈ ವಿಧಾನವಿತ್ತು: ಖಾತೆಯಲ್ಲಿ ಇದ್ದಷ್ಟನ್ನು ಹೊಂದಿಸಿಕೊಳ್ಳುವುದು, ಉಳಿದದ್ದನ್ನು ಒಂದೇ ಸಲ ಕಟ್ಟಲಾಗದಿದ್ದರೆ ಮುಂದಿನ ಪಿಂಚಣಿಯಲ್ಲಿ ಮೂರನೇ ಒಂದರಂತೆ ಮುರಿಯುವುದು. 2021ರ ಜನವರಿ 21ರಂದು ರಿಸರ್ವ್ ಬ್ಯಾಂಕ್ ಅವುಗಳನ್ನೂ 2016ರ ಮಾರ್ಚ್ ತಿಂಗಳ ಮತ್ತೊಂದು ಸುತ್ತೋಲೆಯನ್ನೂ ಹಿಂತೆಗೆದುಕೊಂಡಿತು. ಹೆಚ್ಚುವರಿ ಪಿಂಚಣಿಯ ವಸೂಲಿಗೆ ಯಾವ ವಿಧಾನ ಅನುಸರಿಸಬೇಕೆಂದು ಆಯಾ ಪಿಂಚಣಿ ಮಂಜೂರು ಮಾಡಿದ ಪ್ರಾಧಿಕಾರವನ್ನೇ ಕೇಳಿ ಎಂದು ಬ್ಯಾಂಕುಗಳಿಗೆ ತಿಳಿಸಿತು. ತಪ್ಪು ಬ್ಯಾಂಕಿನದೇ ಆಗಿದ್ದರೆ, ಪಿಂಚಣಿದಾರರಿಂದ ಬಂದರೂ ಬಾರದಿದ್ದರೂ, ಆ ಮೊತ್ತವನ್ನು ಕೂಡಲೇ ಸರ್ಕಾರಕ್ಕೆ ಜಮಾ ಮಾಡಬೇಕೆಂಬುದೂ ರಿಸರ್ವ್ ಬ್ಯಾಂಕಿನ ನಿಲುವು. ಅಂದಮೇಲೆ ಅಮ್ಮನ ಖಾತೆಗೆ 2022ರ ನವೆಂಬರ್‌ನಲ್ಲಿ ಹೋಲ್ಡ್ ಹಾಕಿ ಮೂರನೇ ಒಂದು ಭಾಗ ಮುರಿದಾಗ, ಬ್ಯಾಂಕ್ ಪಾಲಿಸಿದ್ದು ಸುಮಾರು ಎರಡು ವರ್ಷ ಹಿಂದೆಯೇ ರದ್ದಾದ ಪದ್ಧತಿಯನ್ನು. ಕೇಳಬೇಕಾದ ಇಲಾಖೆಯನ್ನು ಅವರು ಕೇಳಿರಲಿಲ್ಲ. ಇಲಾಖೆಯೇ ಅದನ್ನು ಬರೆದು ತಿಳಿಸಿತ್ತು.

2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಆಯುಧ ಕಾರ್ಖಾನೆಯಿಂದ ನಿವೃತ್ತರಾದ 85 ವರ್ಷದ ಹಿರಿಯರೊಬ್ಬರ ಪ್ರಕರಣದಲ್ಲಿ ಇದೇ ಅಂಶವನ್ನು ಕಟುವಾಗಿ ಹೇಳಿದೆ. ಅವರ ಪಿಂಚಣಿ ತಪ್ಪೆಂದು ಬ್ಯಾಂಕ್ ತಾನೇ ನಿರ್ಧರಿಸಿ ಮೂರು ಲಕ್ಷ ರೂಪಾಯಿಗೂ ಮೀರಿದ ವಸೂಲಿಗೆ ಹೊರಟಿತ್ತು. ಪಿಂಚಣಿ ಎಷ್ಟೆಂದು ನಿಗದಿ ಮಾಡುವುದು ಬ್ಯಾಂಕಿನ ಅಧಿಕಾರವಲ್ಲ, ಬ್ಯಾಂಕು ಆ ಹಣದ ವಿಶ್ವಸ್ಥ ಮಾತ್ರ ಎಂದು ಹೇಳಿ, ಮುರಿದುಕೊಂಡದ್ದನ್ನು ಮರಳಿಸುವಂತೆ, ಮನೋವೇದನೆಗೆ ಪರಿಹಾರವನ್ನೂ ಕೊಡುವಂತೆ ಆದೇಶಿಸಿತು.

ಬೇರೆ ದೇಶಗಳ ವ್ಯವಸ್ಥೆಯನ್ನು ಒಂದು ಕಾರಣಕ್ಕಾಗಿ ನೋಡಿದೆ: ಅಲ್ಲಿ ತೀರ್ಮಾನಿಸುವವರು ಯಾರು? ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ, ತಪ್ಪು ನನ್ನದಲ್ಲ, ಮರಳಿಸಿದರೆ ನನ್ನ ಜೀವನ ನಡೆಯುವುದಿಲ್ಲ ಅಥವಾ ಅದು ನ್ಯಾಯವಲ್ಲ ಎಂದು ಅರ್ಜಿ ಹಾಕಿ ಮನ್ನಾ ಕೇಳುವ ಹಕ್ಕಿದೆ. ಅದಕ್ಕೊಂದು ನಮೂನೆಯಿದೆ, ಅದನ್ನು ಪರಿಶೀಲಿಸುವ ಅಧಿಕಾರಿ ಇದ್ದಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ಕುಟುಂಬಗಳಿಂದ, ಕಾಗದಪತ್ರದ ಸಣ್ಣ ಕೊರತೆಗೂ, ಇಡೀ ಭತ್ಯೆಯನ್ನು ಮರಳಿ ಕೇಳಿದರು. ಮನೆಗಳು ಮುರಿದವು. ಸಂಸತ್ತಿನ ಸಮಿತಿ 2020ರ ಡಿಸೆಂಬರ್‌ನಲ್ಲಿ ಅದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು, ಮರುತಿಂಗಳು ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

ನಮ್ಮಲ್ಲಿ ದಾರಿಗಳೇ ಇಲ್ಲವೆಂದಲ್ಲ. ಕೇಂದ್ರದ ಪಿಂಚಣಿದಾರರಿಗೆ ಸಿಪೆನ್‌ಗ್ರಾಮ್ಸ್ ಎಂಬ ಆನ್‌ಲೈನ್ ದೂರು ವ್ಯವಸ್ಥೆಯಿದೆ. ನಮ್ಮ ಮಟ್ಟಿಗೆ ಅದು ಉಪಯೋಗಕ್ಕೆ ಬಂತು: ಅಲ್ಲಿ ದಾಖಲಿಸಿದ ಮೇಲೆಯೇ ಬ್ಯಾಂಕ್ ಮತ್ತು ಇಲಾಖೆ ಒಂದೇ ಕಡತದಲ್ಲಿ ಉತ್ತರಿಸಬೇಕಾಯಿತು. ಬ್ಯಾಂಕಿಗೆ ಬರೆದು 30 ದಿನ ಕಳೆದರೂ ತೃಪ್ತಿಕರ ಉತ್ತರ ಬಾರದಿದ್ದರೆ, ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. 2021ರ ನವೆಂಬರ್‌ನಿಂದ ಇದಕ್ಕೆ ದೇಶಕ್ಕೆಲ್ಲ ಒಂದೇ ಯೋಜನೆ. ಕೇಂದ್ರ ಸರ್ಕಾರಿ ನೌಕರರ ಸೇವೆ ಮತ್ತು ಪಿಂಚಣಿಯ ವ್ಯಾಜ್ಯಗಳನ್ನು ಕೇಳುವ ಕೇಂದ್ರ ಆಡಳಿತ ನ್ಯಾಯಮಂಡಳಿಯ ಪೀಠ ಬೆಂಗಳೂರಿನಲ್ಲಿದೆ. ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗುವವರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಈ ನೆರವು ಕೊಡುವ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ನಮ್ಮ ಮೂರನೆಯ ಮನವಿಯನ್ನು ಅಲ್ಲಿ ನಿಯೋಜಿತರಾಗಿದ್ದ ವಕೀಲೆಯೊಬ್ಬರು ಕನ್ನಡದಲ್ಲಿ ಬರೆದು, ಅಮ್ಮನಿಗೆ ಓದಿ ಹೇಳಿ, ಆಮೇಲೆ ಇಂಗ್ಲಿಷಿಗೆ ಮಾಡಿಸಿದರು. ಈ ಇಡೀ ಪ್ರಸಂಗದಲ್ಲಿ ಅಮ್ಮ ಓದಿ ತಿಳಿದು ಸಹಿ ಹಾಕಿದ ಮೊದಲ ಕಾಗದ ಅದು.

ಬ್ಯಾಂಕ್ ಏನು ಮಾಡಬಹುದಿತ್ತು ಎಂಬುದಕ್ಕೆ ದೊಡ್ಡ ಸುಧಾರಣೆ ಬೇಕಿಲ್ಲ. ತಪ್ಪು ಕಂಡ ದಿನ ದರವನ್ನು ಇಳಿಸಿ, ಹಳೆಯ ಮೊತ್ತಕ್ಕೆ ಕೈ ಹಾಕದೆ, ಒಂದು ತಿಂಗಳ ಗಡುವಿನ ನೋಟಿಸನ್ನು ಕನ್ನಡದಲ್ಲಿ, ತಿಂಗಳುವಾರು ಪಟ್ಟಿಯ ಸಮೇತ ಕಳುಹಿಸಬಹುದಿತ್ತು. ಅದರಲ್ಲಿ ತಪ್ಪು ನಮ್ಮದು ಎಂದು ಒಪ್ಪಿಕೊಳ್ಳುವ ಒಂದು ಸಾಲು, ಆಕ್ಷೇಪಣೆ ಕೇಳುವ ಅಧಿಕಾರಿಯ ಹುದ್ದೆ ಮತ್ತು ವಿಳಾಸ ಇರಬಹುದಿತ್ತು. ಇಲಾಖೆಯ ಉತ್ತರ ಬರುವ ತನಕ ಖಾತೆಯನ್ನು ಮುಟ್ಟದೆ ಇರಬಹುದಿತ್ತು. ಇಷ್ಟು ಮಾಡಿದ್ದರೆ, ಕೊನೆಗೆ ಹಣ ಮರಳಿಸಬೇಕೆಂದೇ ತೀರ್ಮಾನವಾದರೂ, ನಾನು ಈ ಸೇವೆಗೆ ನಾಲ್ಕು ಅಂಕ ಕೊಡುತ್ತಿದ್ದೆ.

ಏಳು ತಿಂಗಳು ಮುರಿದ ನಂತರ, 2023ರ ಜೂನ್‌ನಲ್ಲಿ ಅಮ್ಮನ ಪಿಂಚಣಿ ಪೂರ್ತಿಯಾಗಿ ಬಂತು. ಆಗಸ್ಟ್‌ನಲ್ಲಿ ಹೋಲ್ಡ್ ತೆಗೆದರು. ಮರುವರ್ಷ ಜನವರಿಯಲ್ಲಿ, ಮುರಿದುಕೊಂಡಿದ್ದ 37,240 ರೂಪಾಯಿ ಖಾತೆಗೆ ವಾಪಸಾಯಿತು. ಈ ಮೂರಕ್ಕೂ ಸಂಬಂಧಿಸಿ ಒಂದು ಪತ್ರವೂ ಬರಲಿಲ್ಲ. ವಸೂಲಿಯನ್ನು ಕೈಬಿಟ್ಟಿದ್ದಾರೋ ಮುಂದೂಡಿದ್ದಾರೋ, ಮನ್ನಾ ಆಗಿದ್ದರೆ ಯಾರ ಆದೇಶದಿಂದ ಆಯಿತೋ ಶಾಖೆಯಲ್ಲೂ ಹೇಳುವವರಿಲ್ಲ. ಲಿಖಿತ ಆದೇಶದ ಪ್ರತಿ ಕೊಡಿ ಎಂದು ಎರಡು ಬಾರಿ ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿಯ ಮೊಹರು ಮಾತ್ರ ಸಿಕ್ಕಿದೆ. ಅಮ್ಮ ಆ 37,240 ರೂಪಾಯಿಯನ್ನು ಇನ್ನೂ ಮುಟ್ಟಿಲ್ಲ. ಪಾಸ್‌ಬುಕ್ ಮುದ್ರಿಸಿಕೊಂಡು ಬಂದಾಗಲೆಲ್ಲ ಅದು ಹಾಗೆಯೇ ಇದೆಯೇ ಎಂದು ನನ್ನಿಂದ ನೋಡಿಸುತ್ತಾರೆ.